ಗಾಡಿಯ ಜೊತೆ ಕೊಡದ ನಾಲ್ಕು ಮಂದಿ

ಹುಕ್ಕೇರಿಯ ಆ ಗಾಡಿ ವ್ಯಾಪಾರಿಯ ಸುದ್ದಿ ಯಾರಾದರೂ ಎತ್ತಿದರೆ ಇವತ್ತಿಗೂ ನನ್ನ ಬಾಯಲ್ಲಿನ ಎಲೆಅಡಿಕೆ ಕಹಿಯಾಗುತ್ತದೆ. ಮಂದಿಯನ್ನು ಮಂಗ ಮಾಡುವುದು ನನ್ನ ಕೆಲಸ. ಕಲ್ಲೋಳಿಯಲ್ಲಿ ಯಾರನ್ನಾದರೂ ಕೇಳಿ. ಉದ್ದ ಮೀಸೆಗೆ ಸರಕಾರ ಭತ್ಯೆ ಕೊಡುತ್ತದೆ, ನಾಳೆ ಸಾಹೇಬರು ಅಳೆಯಲು ಬರುತ್ತಾರೆ ಎಂದು ಚಹಾದಂಗಡಿಯಲ್ಲಿ ಒಂದು ಮಾತು ಬಿಟ್ಟು, ಮರುದಿನ ಅರ್ಧ ಊರನ್ನು ಮೀಸೆಗೆ ಎಣ್ಣೆ ಹಚ್ಚಿಸಿ ಪಂಚಾಯಿತಿ ಕಟ್ಟೆಯ ಮುಂದೆ ಸಾಲು ನಿಲ್ಲಿಸಿದವನು ನಾನು. ಸಾಲಿನಲ್ಲಿ ಪಂಚಾಯಿತಿಯ ಕಾರಕೂನನೂ ಇದ್ದ. ಅಂಥ ನನ್ನನ್ನು ಒಬ್ಬ ಹುಕ್ಕೇರಿಯವನು ಎರಡೇ ಮಾತಿನಲ್ಲಿ ಮಂಗ ಮಾಡಿದ. ಅದೂ ಎಂಥ ವಿಷಯದಲ್ಲಿ!

ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಬೆಳಗಾವಿಯಲ್ಲಿ ಕೀಲು ಬದಲಿಸಿ ಮನೆಗೆ ಕಳಿಸಿದರು. ಇನ್ನು ಕೆಲವು ತಿಂಗಳು ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಗೋಕಾಕದಲ್ಲಿ ಕಾಲಿನ ವ್ಯಾಯಾಮ ಮಾಡಿಸಬೇಕು. ತಪ್ಪಿಸಿದರೆ ಕಾಲು ಹೇಗಿದೆಯೋ ಹಾಗೇ ಬಿಗಿದು ನಿಲ್ಲುತ್ತದೆ, ಆಮೇಲೆ ಕೋಲೇ ಗತಿ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಬಸ್ಸಿನ ಮೆಟ್ಟಿಲು ಅವಳಿಂದ ಏರಲಾಗದು. ಆಟೋದಲ್ಲಿ ಒಂದು ಸಲ ಹೋಗಿ ಬಂದು ಎರಡು ದಿನ ಮಲಗಿದಳು. ಪಕ್ಕದ ಮನೆಯವನ ಕಾರು ಇತ್ತು, ಆದರೆ ಕೂತರೆ ಮೊಣಕಾಲು ಎದೆಗೆ ಬರುವಷ್ಟು ತಗ್ಗು. ಹಾಗೆ ಕೂರಲೇಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ಉಳಿದದ್ದು ವ್ಯಾನು. ಕುರ್ಚಿಯಷ್ಟು ಎತ್ತರದ ಸೀಟು, ಪಕ್ಕಕ್ಕೆ ಸರಿಯುವ ಅಗಲ ಬಾಗಿಲು. ನಲವತ್ತು ವರ್ಷ ಕಬ್ಬು ಹೇರಿದ ನನ್ನ ಟ್ರ್ಯಾಕ್ಟರನ್ನು ಮಾರಿದೆ. ಅದರಿಂದ ಬಂದಷ್ಟರಲ್ಲೇ ಗಾಡಿ ಬರಬೇಕು. ಹೊಸದಂತೂ ಕನಸಿನಲ್ಲೂ ಬರುವಂತಿರಲಿಲ್ಲ.

ಹೊರಡುವಾಗ ಅವಳು ನನ್ನ ಕೋಲನ್ನು ಇಸಿದುಕೊಂಡು, ಕುರ್ಚಿಯಲ್ಲಿ ಕೂತು, ತನ್ನ ಮೊಣಕಾಲಿನ ಮಟ್ಟಕ್ಕೆ ಕುಂಕುಮದಿಂದ ಒಂದು ಗೆರೆ ಎಳೆದಳು.

"ಇಷ್ಟ ಎತ್ತರ ಇರಬೇಕ ನೋಡ್ರಿ. ಕೋಲ ಯಾಕ, ನಾನ ಬರ್ತೇನಿ. ಕುಂತ ನೋಡ್ತೇನಿ."

"ಹೆಂಗಸ್ರ ಗಾಡಿ ನೋಡಾಕ ಬರ್ತಾರೇನ? ಗಾಲಿ ಕೆಳಗ ಲಿಂಬಿಹಣ್ಣ ಇಟ್ಟಾಗ ಬಾ, ಆರತಿ ಮಾಡ," ಎಂದೆ.

ನಮ್ಮ ಕಡೆ ಅದು ಪದ್ಧತಿ. ಗಾಡಿ ನೋಡುವವರು ಗಂಡಸರು, ತರುವವರು ಗಂಡಸರು, ಪೂಜೆಗೆ ಮಾತ್ರ ಹೆಂಗಸರು. ಯಾವ ಪುಣ್ಯಾತ್ಮ ಇದನ್ನು ಕಟ್ಟಿಟ್ಟನೋ, ಸಿಕ್ಕರೆ ಅವನನ್ನು ಆಟೋದ ಹಿಂದಿನ ಸೀಟಿನಲ್ಲಿ ಕೂರಿಸಿ ಗೋಕಾಕಕ್ಕೆ ಕಳಿಸುತ್ತಿದ್ದೆ.

ನನ್ನದೇ ಒಂದು ಪರೀಕ್ಷೆ ಇತ್ತು. ಹಿತ್ತಾಳೆಯ ತಂಬಿಗೆಗೆ ಕಂಠಮಟ್ಟ ನೀರು ಹಾಕಿ, ಅವಳು ಕೂರಬೇಕಾದ ನಡುವಿನ ಸೀಟಿನ ಮೇಲೆ ಇಟ್ಟು, ಪಕ್ಕದಲ್ಲಿ ನಾನು ಕೂತು ಮಾರುವವನಿಗೆ ಗಾಡಿ ಓಡಿಸಲು ಹೇಳುವುದು. ಎಷ್ಟು ನೀರು ಚೆಲ್ಲುತ್ತದೋ ಅಷ್ಟು ಅವಳ ಸೊಂಟಕ್ಕೆ ಪೆಟ್ಟು. ಇಂಥ ಉಪಾಯ ಈ ಜಿಲ್ಲೆಯಲ್ಲಿ ಇನ್ನೊಬ್ಬನ ತಲೆಗೆ ಹೊಳೆಯುವುದಿಲ್ಲ ಎಂದು ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡೇ ತಿರುಗಿದೆ.

ಮೊದಲು ಗೋಕಾಕ. ಅಲ್ಲಿಯವನು ಸೀಟಿನ ಮಾತೇ ಎತ್ತಲಿಲ್ಲ.

"ಎಂಜಿನ್ ಕೇಳ್ರಿ ಕಾಕಾ, ಹೆಂಗ ಹಾಡಾಕತ್ತೈತಿ!"

"ನಮ್ಮಾಕಿ ಎಂಜಿನ್ ಮ್ಯಾಲ ಕುಂದ್ರಾಂಗಿಲ್ಲ. ಸೀಟ ತೋರಸ."

ಸೀಟಿನ ಎತ್ತರ ಕುಂಕುಮದ ಗೆರೆಗೆ ಸರಿಯಾಗಿ ಕೂತಿತು. ಮೊದಲ ರಸ್ತೆಯುಬ್ಬಿನಲ್ಲಿ ಒಂದು ಗುಟುಕಿನಷ್ಟು ನೀರು ಚೆಲ್ಲಿತು. "ಇದ ಗಾಡಿಯೋ, ಮಜ್ಜಿಗಿ ಕಡಿಯೋ ಗಡಿಗಿಯೋ?" ಎಂದು ಎಲ್ಲರಿಗೂ ಕೇಳುವಂತೆ ಬೈದು ಇಳಿದೆ. ಪಾಪದವನು ಮುಖ ಬಣ್ಣಗೆಟ್ಟು ನಿಂತ. ಆ ಗಾಡಿಯ ವಿಷಯ ಆಮೇಲೆ ಹೇಳುತ್ತೇನೆ, ಹೇಳಲು ನನಗೇ ಹೊಟ್ಟೆ ಉರಿಯುತ್ತದೆ.

ಮೂಡಲಗಿಯಲ್ಲಿ ಸಿಕ್ಕದ್ದು ಶಾಲೆಯ ಮಕ್ಕಳನ್ನು ಒಯ್ಯುತ್ತಿದ್ದ ವ್ಯಾನು. ಗೆರೆ ಸೀಟಿಗಿಂತ ಒಂದು ಗೇಣು ಮೇಲೆ ನಿಂತಿತು.

"ಸೀಟ ಕುಳ್ಳಗ ಅನಿಸಿದ್ರ ಒಂದ ದಿಂಬ ಹಾಕ್ರಿ," ಎಂದ ಮಾರುವವನು.

"ದಿಂಬ ಹಾಕಿದ್ರ ತಲಿ ಮ್ಯಾಲಿನ ತಗಡಿಗೆ ಬಡೀತೈತಿ. ತಲಿ ತಗದ ಮನ್ಯಾಗ ಇಟ್ಟ ಬರಬೇಕೇನ?"

ಒಬ್ಬನಾದರೂ ಕೇಳಲಿಲ್ಲ, ಗಾಡಿಯಲ್ಲಿ ಕೂರುವವರು ಯಾರು ಎಂದು. ಟೈರು ತೋರಿಸಿದರು, ಹಾಡಿನ ಪೆಟ್ಟಿಗೆ ತೋರಿಸಿದರು, ಲೀಟರಿಗೆ ಎಷ್ಟು ಓಡುತ್ತದೆಂದು ಸುಳ್ಳು ಹೇಳಿದರು. ಗಾಡಿಯನ್ನು ಡಾಂಬರಿಗೆ ಮಾಡಿದ್ದಾರೋ ಮನುಷ್ಯರಿಗೆ ಮಾಡಿದ್ದಾರೋ ಎಂಬ ಅನುಮಾನ ಬರುವ ಹಾಗಿತ್ತು ಇವರ ವ್ಯಾಪಾರ.

ಹುಕ್ಕೇರಿಯವನು ಮಾತ್ರ ಕೇಳಿದ. "ಕುಂದ್ರೋರು ಯಾರ್ರಿ ಕಾಕಾ?" ನನ್ನ ಎದೆ ಅಲ್ಲೇ ಕರಗಿತು. ಸೊಂಟದ ಕತೆ, ಕೋಲಿನ ಗೆರೆ, ತಂಬಿಗೆಯ ಪರೀಕ್ಷೆ, ಎಲ್ಲವನ್ನೂ ನಾನೇ ಬಿಡಿಸಿ ಹೇಳಿದೆ. ಅವನು ತಲೆಯಾಡಿಸುತ್ತ ಚಹಾ ತರಿಸಿದ. ಗಾಡಿ ಹೊರಡಿಸುವಾಗ ಅಂಗಡಿಯ ಮುಂದೆ ಕೂತಿದ್ದ ನಾಲ್ಕು ಜನರನ್ನು ಕರೆದ.

"ಇವ್ರೂ ಕ್ರಾಸ್ ತನಕ ಬರ್ತಾರ್ರಿ. ನಡಿತೈತಲ್ಲ?"

ನಾಲ್ವರೂ ಮೈಕೈ ತುಂಬಿಕೊಂಡವರು. ಹಿಂದಿನ ಸೀಟಿನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಅವರಲ್ಲೊಬ್ಬ ಕೇಳಿದ: "ಕಾಕಾ, ಕಲ್ಲೋಳಿಯವ್ರೇನ? ಮೀಸಿ ಮಂದೀನ ಸಾಲ ನಿಲ್ಲಸಿದವ್ರು ನೀವ ಏನ್ರಿ?"

ನನ್ನ ಹೆಸರು ಹುಕ್ಕೇರಿಯವರೆಗೂ ಬಂದಿದೆ! ಇನ್ನು ಕೇಳಬೇಕೆ. ಕ್ರಾಸಿನವರೆಗೂ, ಅಲ್ಲಿಂದ ಮರಳಿ ಬರುವವರೆಗೂ ಮೀಸೆಯ ಕತೆಯನ್ನು ಕೈಕಾಲು ಮಾಡಿ ಹೇಳಿದೆ. ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ರಾಸಿನಲ್ಲಿ ಅವರು ಇಳಿಯಲೇ ಇಲ್ಲ ಎಂಬುದನ್ನೂ ನಾನು ಗಮನಿಸಲಿಲ್ಲ, ಕತೆ ಮುಗಿದಿರಲಿಲ್ಲವಲ್ಲ. ಮರಳಿ ಬಂದು ನೋಡಿದರೆ ತಂಬಿಗೆಯ ನೀರು ಹಾಗೇ ಇತ್ತು, ಒಂದು ಹನಿ ಹೊರಗೆ ಬಿದ್ದಿರಲಿಲ್ಲ. ಅಲ್ಲೇ ವ್ಯವಹಾರ ಮುಗಿಸಿದೆ.

ಲಿಂಬೆಹಣ್ಣು ಆಯಿತು, ಆರತಿ ಆಯಿತು. ಸೋಮವಾರ ಅವಳನ್ನು ನಡುವಿನ ಸೀಟಿನಲ್ಲಿ ಕೂರಿಸಿ, ನಾನೇ ಓಡಿಸುತ್ತ ಗೋಕಾಕಕ್ಕೆ ಹೊರಟೆ. ಊರು ದಾಟುವಷ್ಟರಲ್ಲಿ ಹಿಂದಿನಿಂದ ಮಾತು ನಿಂತಿತು. ಅವಳು ಮಾತು ನಿಲ್ಲಿಸಿದರೆ ನನಗೆ ಹೆದರಿಕೆ. ಕನ್ನಡಿಯಲ್ಲಿ ನೋಡಿದೆ. ಮುಂದಿನ ಸೀಟಿನ ಸರಳನ್ನು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿದ್ದಳು. ಒಂದು ತಗ್ಗು ಬಂತು. ಗಾಡಿ ಅವಳನ್ನು ಎತ್ತಿ ಒಗೆಯಿತು.

"ನಿಲ್ಲಸ್ರಿ," ಎಂದಳು.

ಐದು ಸಲ ನಿಲ್ಲಿಸಿದೆ. ಅವಳ ಸ್ಥಿತಿ ನೋಡಿ ಡಾಕ್ಟರು ವ್ಯಾಯಾಮ ಬಿಡಿಸಿ ನನ್ನ ಮೇಲೆ ಹರಿಹಾಯ್ದರು, ಇವರನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿರಾ ಎಂದು. ಮನೆಗೆ ಬಂದ ಮೇಲೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

"ಕಾಲ ಹೆಂಗ ಐತಿ ಹಂಗ ಇರಲಿ. ಆ ಗಾಡ್ಯಾಗ ನಾ ಮತ್ತ ಹತ್ತಾಂಗಿಲ್ಲ."

"ಏನ ಗಾಡಿ, ಏನ ಕಥಿ! ಒಂದ ಹನಿ ಚೆಲ್ಲಲಿಲ್ಲ ಆವತ್ತ! ನಿನ್ನ ಮೈನ ನಾಜೂಕ," ಎಂದು ಕಿರುಚಿದೆ. ಹೌದು, ಆ ನೋವಿನಲ್ಲಿದ್ದವಳ ಮೇಲೆ ಕಿರುಚಿದೆ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

"ಹಂಗಾರ ನೀವ ಹಿಂದ ಕುಂತ ಬರ್ರಿ," ಎಂದಳು, ಮುಖ ತಿರುಗಿಸದೆ.

ಪಕ್ಕದ ಮನೆಯವನಿಗೆ ಓಡಿಸಲು ಹೇಳಿ ಅವಳ ಜಾಗದಲ್ಲಿ ಕೂತೆ. ಕೈಯಲ್ಲಿ ತಂಬಿಗೆ. ಮೂರನೆಯ ತಗ್ಗಿನಲ್ಲಿ ನೀರೆಲ್ಲ ನನ್ನ ಧೋತರದ ಮೇಲೆ. ಐದನೆಯದರಲ್ಲಿ ತಂಬಿಗೆಯೇ ಕೈಬಿಟ್ಟಿತು. ಓಡಿಸುವವನ ಸೀಟಿನಲ್ಲಿ ಗೊತ್ತೇ ಆಗದ್ದು ಅಲ್ಲಿ ಬೆನ್ನುಮೂಳೆ ಎಣಿಸಿ ಎಣಿಸಿ ಹೇಳುತ್ತಿತ್ತು. ಒದ್ದೆ ಧೋತರದಲ್ಲೇ ಬಂದು ಅವಳ ಮಂಚದ ಕಾಲಬಳಿ ನಿಂತೆ.

ಅವಳು ನೋಡಿದಳು. ನಗಲಿಲ್ಲ.

"ನೋಡಾಕ ಹೋದಾಗ ಗಾಡ್ಯಾಗ ಎಷ್ಟ ಮಂದಿ ಇದ್ರಿ?"

"ನಾನು, ಅಂವ, ಮತ್ತ ನಾಲ್ಕ ಮಂದಿ."

"ನಾಲ್ಕ ಮಂದಿ ಹೆಂಗಿದ್ರು?"

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಕೈ ಅಗಲಿಸಿದವನು ಹಾಗೇ ನಿಂತುಬಿಟ್ಟೆ.

"ಕಾರ್ಖಾನಿಗೆ ಕಬ್ಬ ತುಂಬಿಕೊಂಡ ಹೋಗೂಮುಂದ ನಿಮ್ಮ ಟ್ರೇಲರ್ ಕುಣೀತಿತ್ತೇನ್ರಿ?" ಎಂದಳು. "ಖಾಲಿ ಬರೂಮುಂದ ಕುಣೀತಿತ್ತು. ಆ ಸಪ್ಪಳ ಊರ ಅಗಸಿ ಬಾಗಲದಾಗ ಕೇಳಿದ ಕೂಡ್ಲೆ ನಾ ರೊಟ್ಟಿಗೆ ಹಂಚ ಇಡ್ತಿದ್ದೆ. ನಲವತ್ತ ವರ್ಷ ಹೊಡದ್ರಿ. ನಿಮಗ ತಿಳೀಲಿಲ್ಲ?"

ತಿಳಿಯಲಿಲ್ಲ. ನನಗೆ, ಖಾಲಿ ಟ್ರೇಲರಿನ ಕುಣಿತಕ್ಕೆ ಹಲ್ಲು ಅಲುಗಾಡಿಸಿಕೊಂಡವನಿಗೆ, ತಿಳಿಯಲಿಲ್ಲ. ಆ ನಾಲ್ವರನ್ನು ಹೇರಿದ್ದು ಭಾರಕ್ಕೆ. ಗಾಡಿ ಕೆಳಗೆ ಕುಸಿದು ಮೆತ್ತಗಾಯಿತು. ನಾನು ಅವರನ್ನು ನನ್ನ ಕತೆ ಕೇಳಲು ಬಂದವರೆಂದು ತಿಳಿದೆ. ಗೋಕಾಕದ ಆ ಗಾಡಿ ಖಾಲಿಯಿದ್ದೂ ಒಂದೇ ಗುಟುಕು ಚೆಲ್ಲಿತ್ತು. ಮರುದಿನ ಓಡಿ ಹೋಗಿ ಕೇಳಿದರೆ ಮಾರಾಟವಾಗಿತ್ತು. ನಾನು ಬೈದು ಬಂದವನು ಮರ್ಯಾದೆಯಿಂದಲೇ ಚಹಾ ಕೊಟ್ಟ.

ಅಲ್ಲಿಂದ ಸೀದಾ ಹುಕ್ಕೇರಿ. ದಾರಿಯುದ್ದಕ್ಕೂ ಗಾಡಿ ಕುಣಿದ ಹಾಗೆಲ್ಲ ನನ್ನ ಸಿಟ್ಟೂ ಕುಣಿಯಿತು. ಹೊಡೆಯಬೇಕು ಎಂದುಕೊಂಡೇ ಹೋಗಿದ್ದೆ. ಹೋಗಿ ನೋಡಿದರೆ ಅಂಗಡಿಯ ಮುಂದೆ ಇನ್ನೊಂದು ವ್ಯಾನು ನಿಂತಿದೆ, ಒಬ್ಬ ಮೇಷ್ಟ್ರು ತನ್ನ ಮುಪ್ಪಾದ ತಾಯಿಯನ್ನೇ ಕರೆತಂದು ನಡುವಿನ ಸೀಟಿನಲ್ಲಿ ಕೂರಿಸುತ್ತಿದ್ದಾನೆ, ಹಿಂದಿನ ಸೀಟಿಗೆ ಅದೇ ನಾಲ್ಕು ಮಂದಿ ಹತ್ತುತ್ತಿದ್ದಾರೆ. ನನಗಿಂತ ಬುದ್ಧಿವಂತ ಆ ಮೇಷ್ಟ್ರು, ಕೂರುವವಳನ್ನು ಕರೆದು ತಂದಿದ್ದ. ಆದರೂ ಬಲೆಗೆ ಬೀಳುವವನೇ ಇದ್ದ.

ವ್ಯಾಪಾರಿ ನನ್ನನ್ನು ನೋಡಿ ಬಿಳಚಿಕೊಂಡ. ನಾನು ಹಲ್ಲು ಕಿರಿದು ನಮಸ್ಕಾರ ಮಾಡಿದೆ. ಧೈರ್ಯ ಬಂತು ಮೂರ್ಖನಿಗೆ.

"ನೋಡ್ರಿ ಸರ, ಈ ಕಾಕಾ ನಮ್ಮ ಕಡೇನ ಗಾಡಿ ತಗೊಂಡಾರ. ಬೇಕಾದ್ರ ಕೇಳ್ರಿ ಅವ್ರನ್ನ."

"ಬಾಳ ಚಲೋ ಗಾಡಿ," ಎಂದೆ, ಬೀದಿಯ ಆ ತುದಿಗೂ ಕೇಳುವಂತೆ. "ಒಂದ ಕಡಿಮಿ. ಗಾಡಿ ಜೋಡಿ ಕೊಡೋ ಸಾಮಾನ ಇಲ್ಲೇ ಉಳದೈತಿ. ಒಯ್ಯಾಕ ಬಂದೇನಿ."

"ಏನ ಸಾಮಾನ್ರಿ ಕಾಕಾ? ಸ್ಟೆಪ್ನಿ ಕೊಟ್ಟೇನಿ, ಜಾಕ್ ಕೊಟ್ಟೇನಿ..."

"ಈ ನಾಲ್ಕ ಮಂದಿ," ಎಂದು ನನ್ನ ಗಾಡಿಯ ಬಾಗಿಲು ಸರಿಸಿದೆ. "ಇಳೀರೆಪಾ, ಇಳೀರಿ. ಅದನ್ನ ಬಿಟ್ಟ ಇದರಾಗ ಹತ್ತರಿ. ನೀವು ಇದ್ದಾಗ ಒಂದ ಹನಿ ಚೆಲ್ಲಲಿಲ್ಲ, ನೀವಿಲ್ದ ನನ್ನ ಧೋತರ ಸುದ್ದಾ ಉಳೀಲಿಲ್ಲ. ನಮ್ಮ ಮನ್ಯಾಗ ಊಟ, ನಮ್ಮ ಗಾಡ್ಯಾಗ ಕೆಲಸ. ಸೋಮಾರ, ಗುರುವಾರ ಗೋಕಾಕಕ್ಕ ಹೋಗಿ ಸುಮ್ನ ಕುಂತ ಬರೂದು. ನಮ್ಮಾಕಿ ಸೊಂಟ ನೆಟ್ಟಗ ಆಗೂತನಕ."

ಚಹಾದಂಗಡಿಯವರು, ಪಂಕ್ಚರ್ ಅಂಗಡಿಯವರು ಎದ್ದು ಬಂದರು. ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ. ನಾಲ್ವರಲ್ಲಿ ಅವತ್ತು ಮೀಸೆಯ ಮಾತೆತ್ತಿದ್ದವನು ತಲೆ ತಗ್ಗಿಸಿದ. ಒಳಗೆ ಕೂತಿದ್ದ ಮೇಷ್ಟ್ರ ತಾಯಿ ಮಗನ ಭುಜ ತಟ್ಟಿದಳು.

"ಇಳಸೋ ನನ್ನ. ಇವ್ರನ್ನೂ ಇಳಸು. ನಾ ಒಬ್ಬಾಕಿ ಕುಂತ ನೋಡ್ತೇನಿ."

ವ್ಯಾಪಾರಿ ನನ್ನ ರಟ್ಟೆ ಹಿಡಿದು ಒಳಗೆ ಎಳೆದ. "ಕಾಕಾ, ಮಂದಿ ಮುಂದ ಹಿಂಗ ಮಾಡಬ್ಯಾಡ್ರಿ. ಏನ ಬೇಕ ಹೇಳ್ರಿ."

"ಏನ ಐತಿ ಆ ಗಾಡಿ ಕೆಳಗ? ಅದನ್ನ ಹೇಳ ಮೊದಲ."

ಹೇಳಿದ. ಹಿಂದಿನ ಮಾಲೀಕ ಇಟ್ಟಂಗಿ ಹೇರುವವನಂತೆ. ಭಾರ ತಾಳಲೆಂದು ಹಿಂದಿನ ಗಾಲಿಗಳ ಮೇಲಿನ ಕಬ್ಬಿಣದ ಕಮಾನಿಗೆ, ಅಂದರೆ ಸ್ಪ್ರಿಂಗಿಗೆ, ಎರಡೆರಡು ಪಟ್ಟಿ ಹೆಚ್ಚಿಗೆ ಸೇರಿಸಿ ಬಿಗಿ ಮಾಡಿದ್ದನಂತೆ. ಇವನಿಗೆ ಗೊತ್ತಿತ್ತು. ನನ್ನ ಬಾಯಿಂದಲೇ ಹೆಂಡತಿಯ ಸೊಂಟದ ಕತೆ ಕೇಳಿಕೊಂಡು, ಗೊತ್ತಿದ್ದೂ ಮಾರಿದ್ದ. ಅವನ ಅಂಗಳದಲ್ಲೇ, ಅವನದೇ ಖರ್ಚಿನಲ್ಲಿ, ಹೆಚ್ಚಿನ ಪಟ್ಟಿಗಳನ್ನು ಬಿಚ್ಚಿಸಿದೆ. ಹೊಸ ಕುಶನ್ ಹಾಕಿಸಿದೆ. ಆಮೇಲೆ ಅವನನ್ನು ಒಬ್ಬನನ್ನೇ ನಡುವಿನ ಸೀಟಿನಲ್ಲಿ ಕೂರಿಸಿ, ತೊಡೆಯ ಮೇಲೆ ತಂಬಿಗೆ ಇಟ್ಟು, ಕ್ರಾಸಿನವರೆಗೂ ಹೋಗಿ ಬಂದೆ. ಎರಡು ಹನಿ ಬಿತ್ತು. ಅವನ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಮೇಲೆ ತಂಬಿಗೆಯಲ್ಲಿ ಉಳಿದ ನೀರನ್ನು ನಾನೇ ಸುರಿದೆ.

ಮನೆಗೆ ಬಂದು ಪಕ್ಕದ ಮನೆಯವನನ್ನು ಕರೆದು, ತಂಬಿಗೆ ತುಂಬಿಕೊಂಡು, "ನೋಡ ಬಾ, ಒಂದ ಹನಿ..." ಎಂದು ಶುರು ಮಾಡಿದೆ.

"ನೀರ ಇಟ್ಟ ತೋರಸಬ್ಯಾಡ್ರಿ," ಎಂದಳು ಮಂಚದಿಂದ. "ನೀರಿಗೇನ ನೋವಾಗತೈತಿ?"

ತಂಬಿಗೆಯನ್ನು ಕೆಳಗಿಟ್ಟೆ. ಆಗ ಅವಳೇ ಅಂದಳು: "ಗುರುವಾರ ಬರ್ತೇನಿ. ನಾ ನಿಲ್ಲಸ ಅಂದಲ್ಲಿ ನಿಲ್ಲಸಬೇಕ. ಮಾತ ಆಡಬಾರದು."

ಗುರುವಾರ ನಾನು ಮಾತಾಡಲಿಲ್ಲ. ಕಲ್ಲೋಳಿಯಿಂದ ಗೋಕಾಕದವರೆಗೆ ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಪ್ರತಿ ತಗ್ಗಿಗೂ ಹಿಂದಿನ ಉಸಿರಿಗೆ ಕಿವಿಗೊಟ್ಟು ಓಡಿಸಿದೆ. ಮೊದಲು ಸರಳು ಹಿಡಿದಿದ್ದಳು. ಅರ್ಧ ದಾರಿಗೆ ಒಂದು ಕೈ ಬಿಟ್ಟಳು. ಗೋಕಾಕ ಮುಟ್ಟುವಾಗ ಆ ಕೈಯಿಂದ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಿಲ್ಲಿಸು ಎನ್ನಲಿಲ್ಲ. ವ್ಯಾಯಾಮ ಪೂರ್ತಿ ಮಾಡಿಸಿ ಕಳಿಸಿದರು.

ಗಾಡಿಯನ್ನು ಊರ ಕಡೆ ತಿರುಗಿಸಿದೆ.

"ಇತ್ಲಾಗ ಬ್ಯಾಡ. ಫಾಲ್ಸ್ ತನಕ ಹೊಡೀರಿ," ಎಂದಳು. "ಬಿದ್ದಾಗಿಂದ ಬರೇ ಮನಿ ಗ್ವಾಡಿ ನೋಡೇನಿ."

ಹೊಡೆದೆ. ದಾರಿಯಲ್ಲಿ ಅವಳೇ ಮಾತು ತೆಗೆದಳು.

"ಒಂದ ಮಾತ ಹೇಳ್ರಿ. ಆ ನಾಲ್ಕ ಮಂದಿ ನಿಮ್ಮ ಮೀಸಿ ಕಥಿಗೆ ಖರೇನ ನಕ್ರೇನ, ಇಲ್ಲಾ ಅದಕ್ಕೂ ಅಂವ ಪಗಾರ ಕೊಟ್ಟಿದ್ನೋ?"

ಎಂಥ ಸಿಟ್ಟು ಬಂತೆಂದರೆ, ಫಾಲ್ಸಿನ ಸಪ್ಪಳ ಕೇಳಿದ ಮೇಲೇ ನಾನು ಕನ್ನಡಿಯ ಕಡೆ ನೋಡಿದ್ದು. ಹಿಂದೆ ಅವಳು ಸರಳು ಬಿಟ್ಟು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.