ಐದನೆಯ ಗಂಟು

ಆ ಸಲಹೆಗೆ ಆದ ಖರ್ಚು ಎರಡು ಸೇರು ಜೋಳ, ಒಂದೂವರೆ ಬಸ್ ಟಿಕೀಟು, ಮೇಲೆ ಒಂದು ದಿನದ ವ್ಯಾಪಾರ. ನಾನು ಚಿಕ್ಕವನಿದ್ದಾಗಿನ ಮಾತಿದು. ಆ ಅರ್ಧ ಟಿಕೀಟು ನನ್ನದು. ಅದನ್ನೂ ಉಳಿಸೋಣ ಅಂತ ಅಪ್ಪ ನನ್ನನ್ನು ಮೊಣಕಾಲು ಮಡಿಚಿ ನಿಲ್ಲಿಸಿದ್ದ. ಕಂಡಕ್ಟರ ನಮಗಿಂತ ಚಾಲಾಕಿ. "ಏನ್ರಿ, ನಿಮ್ಮ ಹುಡುಗ ನಿಂತರ ಸಣ್ಣಾಂವ, ಕೂತರ ದೊಡ್ಡಾಂವ ಆಗ್ತಾನಲ್ರಿ?" ಎಂದು ನಕ್ಕು ಟಿಕೀಟು ಹರಿದೇ ಕೊಟ್ಟ. ಇನ್ನು ಜೋಳ ಏಕೆಂದರೆ, ಸಲಹೆ ಕೊಡುವ ಮುದುಕಿ ಆಯಿ ರೊಕ್ಕ ಮುಟ್ಟುತ್ತಿರಲಿಲ್ಲ. ಸಾಲದಲ್ಲಿದ್ದವರನ್ನು ರೊಕ್ಕ ಕೇಳಿದರೆ ಅದನ್ನೂ ಸಾಲ ಮಾಡಿಯೇ ತರುತ್ತಾರೆ ಎನ್ನುವುದು ಆಕೆಯ ಲೆಕ್ಕ. ನಾನು ಮುಂದೆ ಬಾಗಲಕೋಟೆಯಲ್ಲಿ ಸ್ವಂತ ಸೀರೆ ಅಂಗಡಿ ಇಟ್ಟೆ. ಚೌಕಾಸಿ ಮಾಡದೆ ಕೊತ್ತಂಬರಿ ಸಿವುಡನ್ನೂ ಕೊಂಡವನಲ್ಲ. ಆದರೂ ಹೇಳುತ್ತೇನೆ ಮಕ್ಕಳೇ, ಅಷ್ಟು ಅಗ್ಗದ ಸರಕು ನನಗೆ ಮತ್ತೆ ಸಿಕ್ಕಿಲ್ಲ. ಅಷ್ಟು ಅಂಜಿಸಿದ್ದೂ ಇಲ್ಲ.

ನಮ್ಮ ಮನೆ ಕೆರೂರಿನಲ್ಲಿತ್ತು. ಅಪ್ಪ ಇಳಕಲ್ಲಿನಿಂದ ಸೀರೆ, ಗುಳೇದಗುಡ್ಡದಿಂದ ಕುಪ್ಪಸದ ಖಣ ಉದ್ರಿ ತಂದು ಸಂತೆಯಲ್ಲಿ ಮಾರುತ್ತಿದ್ದ. ಮಾರುವುದೂ ಉದ್ರಿಯೇ. ಕೊಂಡವರು ಸುಗ್ಗಿಗೆ ಕೊಡುತ್ತೇವೆ ಎನ್ನುತ್ತಿದ್ದರು, ಇಳಕಲ್ಲಿನವರು ಅಮಾವಾಸ್ಯೆಗೇ ಕೇಳುತ್ತಿದ್ದರು. ನಡುವೆ ಅವ್ವ ಕಾಯಿಲೆ ಬಿದ್ದು ಹದಿನೈದು ದಿನ ದವಾಖಾನೆಯಲ್ಲಿದ್ದಳು. ಹೀಗೆ ಸಾಲ ನಾಲ್ಕು ಕಡೆ ಆಯಿತು.

ಆಗ ಸಾಲ ಕೊಟ್ಟವರಲ್ಲೊಬ್ಬರಾದ ಊರ ಸಾವಕಾರರು ಅಪ್ಪನನ್ನು ಕರೆಸಿ ಒಂದು ದಾರಿ ಹೇಳಿದರು. ಉಳಿದವರ ಸಾಲವನ್ನೂ ತಾವೇ ತೀರಿಸುತ್ತಾರಂತೆ, ಅಪ್ಪ ಅವರೊಬ್ಬರಿಗೇ ಕೊಟ್ಟರೆ ಸಾಕಂತೆ. ಬಡ್ಡಿಯೂ ಬೇಡವಂತೆ. ಬಡ್ಡಿಯ ಬದಲಿಗೆ ಅಕ್ಕ ಅವರ ಮನೆಯಲ್ಲಿದ್ದು ಮುಸುರೆ ತಿಕ್ಕಬೇಕು. ಅಕ್ಕನಿಗೆ ಆಗ ಹದಿಮೂರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದಳು. "ನಾಳೆ ಸಂಜೀಕ ಹೂಂ ಅನ್ನು, ಇಲ್ಲಾ ಊಹೂಂ ಅನ್ನು" ಎಂದು ಸಾವಕಾರರು ಗಡುವು ಕೊಟ್ಟರು. ಅಂದು ರಾತ್ರಿ ಅಪ್ಪನ ರೊಟ್ಟಿ ತಾಟಿನಲ್ಲೇ ಒಣಗಿತು. ಅವ್ವನೇ ಬಾದಾಮಿಯ ಆಯಿಯ ಹೆಸರು ತೆಗೆದಳು.

ಬೆಳಿಗ್ಗೆ ಹೊರಡುವಾಗ ಅಕ್ಕ ನನ್ನ ಕಿವಿ ಹಿಡಿದು ಮೂಲೆಗೆ ಎಳೆದಳು. "ಅಪ್ಪ ಅಲ್ಲಿ ಏನ ಹೇಳ್ತಾನ, ಏನ ಮುಚ್ಚತಾನ, ಎಲ್ಲಾ ಕೇಳ್ಕೊಂಡು ಬಾ. ನಿದ್ದಿ ಮಾಡೀದಿ ಅಂದ್ರ ನೋಡು!" ಅವಳ ಬೆರಳು ತಣ್ಣಗಿದ್ದವು. ಅವಳಿಗಾಗಿ ಹೋಗುತ್ತಿದ್ದೇನೆ ಎಂಬುದು ನನಗೆ ಆಗ ತಿಳಿಯಿತು.

ಬಾದಾಮಿಯಲ್ಲಿ ಕೆಂಪು ಬಂಡೆಯ ಗುಡ್ಡಗಳು ಕೆರೆಯನ್ನು ಮೂರು ಕಡೆಯಿಂದ ಸುತ್ತಿ ನಿಂತಿವೆಯಲ್ಲ, ಅದರ ದಂಡೆಯ ಮೇಲೆ ಆಯಿಯ ಮನೆ. ಹಿಂದಿನ ಗೋಡೆ ಎಂದರೆ ಗುಡ್ಡವೇ. ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಸುಳ್ಳೆನಿಸುವಷ್ಟು ತಂಪು. ಹುಣಸೆಹಣ್ಣಿನ, ಹಳೆಯ ಹಿತ್ತಾಳೆಯ ವಾಸನೆ. ಆಯಿ ಪಡಸಾಲೆಯ ಕಂಬಕ್ಕೆ ಆತು ಕೂತಿದ್ದಳು. ಎಷ್ಟು ತೆಳ್ಳಗಿದ್ದಳೆಂದರೆ ಸೀರೆಯೊಂದನ್ನು ಮಡಿಚಿ ಇಟ್ಟ ಹಾಗೆ. ಆಕೆ ಒಬ್ಬ ಸಾವಕಾರನ ಹೆಂಡತಿ. ಗಂಡ ಸತ್ತ ಮೇಲೆ ಅವನ ಸಾಲದ ಚೀಟಿಗಳನ್ನೆಲ್ಲ ಒಲೆಗೆ ಹಾಕಿ ಒಂಟಿಯಾಗಿ ಉಳಿದವಳು. ಸಾಲ ಕೊಡುವವರ ಮನಸ್ಸು ಆಕೆಗೆ ಗೊತ್ತು, ಅದಕ್ಕೇ ಸಾಲ ಮಾಡಿದವರು ಆಕೆಯ ಬಳಿ ಬರುತ್ತಿದ್ದರು.

ಹಿತ್ತಲಿನಿಂದ ಯಾರೋ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು. ಸರಕ್, ಸರಕ್, ಹದವಾಗಿ, ಒಂದೇ ಸಮನೆ. ನನಗೆ ನೀರಡಿಸಿತ್ತು. "ಹಿಂದ ಕೊಡಾ ಐತಿ, ಕುಡಿ ಹೋಗು" ಎಂದಳು ಆಯಿ. ನಾನು ಹಿತ್ತಲಿಗೆ ಕಾಲಿಡುತ್ತಲೇ ಸದ್ದು ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಮುಸುರೆ ಕಲ್ಲು ಒಣಗಿ ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ಬೂದಿಯ ಗುಡ್ಡೆ. ಆ ಬೂದಿಯಲ್ಲಿ ಮಾತ್ರ ಮೂರು ಬೆರಳು ಒತ್ತಿ ತೆಗೆದ ಹಸಿ ಗುರುತು ಇತ್ತು. ಸಣ್ಣ ಬೆರಳುಗಳು. ಅಕ್ಕನ ಬೆರಳಿನಷ್ಟೇ. ನಾನು ನೀರು ಕುಡಿಯದೆ ಓಡಿ ಬಂದು ಅಪ್ಪನ ಧೋತರ ಹಿಡಿದುಕೊಂಡೆ.

ಆಯಿ ಅಪ್ಪನ ಸಮಾಚಾರ ಕೇಳಲಿಲ್ಲ. ಒಂದು ಬಿಳಿ ದಾರ ಕೈಯಲ್ಲಿ ಹಿಡಿದು, ಕೆರೆಯ ಆಚೆ ದಂಡೆಗೆ ಹೋಗಿ ಬಂಡೆಗೆ ಮುಖ ಮಾಡಿ ನಿಲ್ಲಲು ಹೇಳಿದಳು. ಅಲ್ಲಿಂದ ಒಂದೊಂದೇ ಸಾಲ ಕೂಗಬೇಕು. ಕೂಗಿದ್ದು ಬಂಡೆಗೆ ಬಡಿದು ತಿರುಗಿ ಬಂದಾಗ ಆಕೆ ಇಲ್ಲಿ ಕೂತೇ ಒಂದೊಂದು ಗಂಟು ಹಾಕುವಳು. ಕೊನೆಗೆ 'ಇಷ್ಟ', ಅಂದರೆ ಇಷ್ಟೇ, ಎನ್ನಬೇಕು. ಆಗ ದಾರ ಕೆಳಗಿಡುವಳು.

"ನಿಮಗ ಇಷ್ಟು ದೂರದಿಂದ ಕೇಳಸತೈತೇನ್ರಿ ಆಯಿ?" ಎಂದ ಅಪ್ಪ.

"ಮಂದಿ ಮಾತು ಕೇಳಸೂದಿಲ್ಲ ತಮ್ಮಾ. ಕಲ್ಲಿನ ಮಾತು ಕೇಳಸತೈತಿ."

ನಡು ಮಧ್ಯಾಹ್ನ. ಬಟ್ಟೆ ತೊಳೆಯುವ ಹೆಂಗಸರು ಊಟಕ್ಕೆ ಹೋಗಿದ್ದರು. ಕೆರೆಯ ಹಸಿರು ನೀರು ಅಲುಗುತ್ತಿರಲಿಲ್ಲ. ಸದಾ ಕಿತ್ತಾಡುವ ಮಂಗಗಳು ಕೂಡ ಸಾಲಾಗಿ ಕೂತು ನಮ್ಮನ್ನೇ ನೋಡುತ್ತಿದ್ದವು. ಅಪ್ಪ ಮೊದಲ ಸಲ ಬರೀ ಪಿಸುಗುಟ್ಟಿದ. ಸಂತೆಯಲ್ಲಿ ನೂರು ಜನರ ನಡುವೆ ಸೀರೆಯ ದರ ಕೂಗುವ ಗಂಟಲು ಅದು! ಆಮೇಲೆ ಕೂಗಿದ: "ಇಳಕಲ್ಲಿನ ಸೀರಿ, ಆರನೂರು!" ಆರನೂರು, ಎಂದಿತು ಬಂಡೆ. "ಸಾವಕಾರಂದು ನಾಕನೂರು!" ನಾಕನೂರು. "ಖಣದವರದು ನೂರಾ ಐವತ್ತು!" ಐವತ್ತು. "ಕಿರಾಣಿ ಅಂಗಡಿ ಎಂಬತ್ತು!" ಎಂಬತ್ತು. ತನ್ನ ಮಾತು ತಿರುಗಿ ಬಂದಾಗಲೆಲ್ಲ ಅಪ್ಪ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಕೊನೆಗೆ ಉಸಿರೆಳೆದು "ಇಷ್ಟ!" ಎಂದ.

"ಇಷ್ಟ..." ಎಂದಿತು ಬಂಡೆ.

ನಾವು ಹೊರಳಿದೆವು. ಆಗ ಬೆನ್ನ ಹಿಂದಿನಿಂದ, ಮೆಲ್ಲಗೆ, ಇನ್ನೊಮ್ಮೆ ಬಂತು.

"ಇಷ್ಟ ಏನ್ಲೇ?"

ಅದು ಅಪ್ಪನ ಸ್ವರವಲ್ಲ. ತುಟಿಗಳ ನಡುವೆ ಸೂಜಿ ಕಚ್ಚಿಕೊಂಡು ಮಾತಾಡಿದ ಹಾಗೆ, ಗಾಳಿ ಸೀಳಿ ಬಂದ ಸ್ವರ. ಹಾಗೆ ಮಾತಾಡುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ, ಅಪ್ಪನ ಗೆಳೆಯ ದರ್ಜಿ ಕಾಕಾ. ಹೊಲಿಯುವಾಗ ಸೂಜಿ ಬಾಯಲ್ಲೇ ಇರುತ್ತಿತ್ತು. ಊರಲ್ಲಿ ಅಪ್ಪನನ್ನು 'ಲೇ' ಎನ್ನುತ್ತಿದ್ದವರೂ ಅವರೊಬ್ಬರೇ. ಅವರು ತೀರಿಹೋಗಿ ನಾಲ್ಕು ತಿಂಗಳಾಗಿತ್ತು.

ನಾನು ಅಪ್ಪನ ಮುಖ ನೋಡಿದೆ. ಅಪ್ಪನಿಗೂ ಕೇಳಿಸಿತ್ತು.

ಮನೆಗೆ ಮರಳಿದಾಗ ಆಯಿ ದಾರವನ್ನು ಬೆಳಕಿಗೆ ಹಿಡಿದಿದ್ದಳು. "ಐದು ಅದಾವ" ಎಂದಳು.

"ನಾಕ ರಿ ಆಯಿ."

"ನೀ 'ಇಷ್ಟ' ಅಂದಿ, ನಾ ದಾರ ಕೆಳಗ ಇಡಾಕ ಹೋದೆ. ಮತ್ತೊಂದು ಬಂತು. ಯಾರದದು?"

ಅಪ್ಪ ನೆಲ ನೋಡುತ್ತ ಹೇಳಿದ. ಅವ್ವನನ್ನು ದವಾಖಾನೆಗೆ ಸೇರಿಸಿದ ದಿನ ದರ್ಜಿ ಕಾಕಾ ತೊಂಬತ್ತು ರೂಪಾಯಿ ಕೊಟ್ಟಿದ್ದರು. "ಆದ್ರ ಅದು ಸಾಲ ಅಲ್ರಿ. ಕೈಗಡ."

ಕೈಗಡ ಎಂದರೆ ನಿಮಗೆ ಗೊತ್ತಿಲ್ಲದಿರಬಹುದು. ಬೇಕಾದವರ ಕೈಯಿಂದ ಚೀಟಿ ಬರೆಯದೆ, ಬಡ್ಡಿ ಹೇಳದೆ, ನಾಕು ದಿನಕ್ಕೆಂದು ಇಸಿದುಕೊಳ್ಳುವ ರೊಕ್ಕ. ನಮ್ಮ ಕಡೆ ಅದನ್ನು ಯಾರೂ ಸಾಲವೆಂದು ಎಣಿಸುವುದಿಲ್ಲ. ಸಾಲ ಎಷ್ಟೈತಿ ಎಂದು ಕೇಳಿದರೆ ಕೈಗಡ ಬಿಟ್ಟೇ ಹೇಳುತ್ತೇವೆ. ಅದರಲ್ಲಿ ಸುಳ್ಳು ಹೇಳಿದ ಭಾವವೂ ಇರುವುದಿಲ್ಲ.

ಆಯಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಕಾಗದ ಇಲ್ಲ, ಬಡ್ಡಿ ಇಲ್ಲ, ಕೊಟ್ಟಾಂವನೂ ಇಲ್ಲ. ಹಂಗಾದ್ರ ಅದೇನಪಾ, ಬಹುಮಾನ?" ಆಮೇಲೆ ಒಂದೊಂದೇ ಕೈಗಡ ಕೇಳಿ ಕೇಳಿ ಹೊರಗೆಳೆದಳು. ಚಹಾದ ಅಂಗಡಿಯವನದು, ಸೋದರಮಾವನದು, ಪಕ್ಕದ ಮನೆಯವರದು. ಕಾಕಾನ ತೊಂಬತ್ತೂ ಸೇರಿ ನೂರಾ ಎಪ್ಪತ್ತು, ಅಷ್ಟೂ ಆ ಐದನೆಯ ಗಂಟಿನದು. ಸಾವಕಾರರ ಕರಾರನ್ನೂ ಅಪ್ಪ ಹೇಳಿದ. "ನೋಡು, ನಿನ್ನ ಸಾವಕಾರ ಉಳಿದ ಮೂರು ಸಾಲ ತೀರಸತಾನ. ಮಗಳು ಅವನ ಮನಿಗೆ ಹೋದ ಮ್ಯಾಲೂ ಇದು ಹಂಗ ಉಳೀತೈತಿ. ಮತ್ತ ಹುಡುಗಿ ದುಡಿಯೂದು ಬರೇ ಬಡ್ಡಿಗೆ. ಅಸಲು ಯಾರು ಕಡೀತಾರ?"

ಅಪ್ಪ ಬೆರಳು ಮಡಿಚಿ ಎಣಿಸತೊಡಗಿದ.

"ನಮ್ಮ ಮನಿಯವರೂ ಹಂಗ ಒಂದು ಹುಡುಗೀನ ಇಟ್ಟುಕೊಂಡಿದ್ರು" ಎಂದಳು ಆಯಿ. ಆಕೆಯ ಸ್ವರ ಇಳಿದಿತ್ತು. "ಆಕೀ ಅಪ್ಪ ಬಂದು ಬಿಡಿಸಿಕೊಂಡು ಹೋಗಲಿಲ್ಲ. ಚೀಟಿ ಸುಟ್ಟೆ, ಆಕೀಗೆ ಹೇಳಾಕ ಆಗಲಿಲ್ಲ. ಅಷ್ಟೊತ್ತಿಗೆ ಆಕಿ ಇರಲಿಲ್ಲ. ಅದಕ್ಕ ಇನ್ನೂ ತಿಕ್ಕತಾಳ." ಹಿತ್ತಲ ಕಡೆ ಕಿವಿಗೊಟ್ಟಳು. ಸರಕ್, ಸರಕ್. ಅಪ್ಪ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದನೆಂದರೆ ಬೆರಳು ನೋಯಿತು.

ಉಳಿದ ಸಲಹೆಯನ್ನು ಆಯಿ ಬೇಗಬೇಗ ಹೇಳಿದಳು. ಸಾಲ ತೀರಿಸಲು ಸಾಲ ಮಾಡಬೇಡ. ಮಡಿಕೆ ಬಿಚ್ಚದ ಸೀರೆ ಎಷ್ಟಿವೆಯೋ ಇಳಕಲ್ಲಿಗೆ ತಿರುಗಿಸು, ಹೊಸ ಸರಕು ಇಸಿದುಕೊಳ್ಳಬೇಡ. ಬಡ್ಡಿ ಬೆಳೆಯುವುದು ಸಾವಕಾರನದೊಂದೇ, ಅದನ್ನು ಮೊದಲು ಕಡಿ. ಯಾರಾದರೂ ಕೇಳಲು ಬರುವ ಮುಂಚೆ ನೀನೇ ಅವರ ಮನೆಗೆ ಹೋಗು, ಆಗುವಷ್ಟೇ ಹೇಳು, ಹೇಳಿದ ವಾರವೇ ಕೊಡು. "ಆದ್ರ ಎಲ್ಲಾರಿಗಿಂತ ಮೊದಲು ಆ ಐದನೇದಾಂವನ ಮನಿ. ಇವತ್ತ ಹೋಗು." ದಾರವನ್ನು ಅಪ್ಪನ ಅಂಗೈಯಲ್ಲಿ ಇಟ್ಟಳು. ಒಂದು ತೀರಿದರೆ ಒಂದು ಗಂಟು ಬಿಚ್ಚಬೇಕು.

ಮೂರರ ಬಸ್ಸಿಗೆ ಕೆರೂರಿಗೆ ಬಂದವರು ನೇರ ಕಾಕುವಿನ ಮನೆಗೆ ಹೋದೆವು, ಅಂದರೆ ದರ್ಜಿ ಕಾಕಾನ ಹೆಂಡತಿಯ ಮನೆಗೆ. ಪಡಸಾಲೆಯಲ್ಲಿ ಹೊಲಿಗೆ ಮೆಷಿನ್ ಇತ್ತು. ನಾವು ಹೊಸ್ತಿಲು ದಾಟಿದಾಗ, ಆಗಷ್ಟೇ ಯಾರೋ ಕಾಲು ತೆಗೆದಂತೆ, ಅದರ ಗಾಲಿ ನಿಧಾನವಾಗಿ ಒಂದು ಸುತ್ತು ತಿರುಗಿ ನಿಂತಿತು. ಕಾಕು ಒಳಗೆ ಒಲೆಯ ಮುಂದಿದ್ದಳು.

ಅಪ್ಪ ನಿಂತುಕೊಂಡೇ ಹೇಳಿದ. "ವೈನಿ, ಅಣ್ಣನ ಕಡೆ ತೊಂಬತ್ತು ರೂಪಾಯಿ ಇಸಕೊಂಡಿದ್ದೆ. ನಿಮಗ ಹೇಳಲಿಲ್ಲ. ನಿಮಗ ಗೊತ್ತಿಲ್ಲ ಅಂತ..."

ಕಾಕು ಸೆರಗಿನಿಂದ ಕೈ ಒರೆಸಿಕೊಂಡಳು. "ಗೊತ್ತಿತ್ತಪಾ. 'ನೀ ಕೇಳಬ್ಯಾಡ, ಅವನ ಬಂದು ಹೇಳ್ತಾನ' ಅಂದಿದ್ರು. ನಾಕು ತಿಂಗಳಿಂದ ದಿನಾ ಬಾಗಲಾ ನೋಡ್ತಿದ್ದೆ. ಖರೇ ಹೇಳಲಿ? ನಿನ್ನೆ ಸಿಟ್ಟು ಬಂದಿತ್ತು." ಆಮೇಲೆ ಅಕ್ಕನ ಸುದ್ದಿ ಕೇಳಿ ಮೆಷಿನ್ನಿನ ಕಡೆ ಕೈ ತೋರಿಸಿದಳು. "ಸಾವಕಾರನ ಮುಸುರಿ ಯಾಕ? ಸಂಜೀಕ ಸಾಲಿ ಬಿಟ್ಟ ಮ್ಯಾಲ ದಿನಾ ಇಲ್ಲಿ ಬರಲಿ. ನಿನ್ನ ಖಣಾನ ಕುಪ್ಪಸಾ ಮಾಡಿ ಮಾರು. ಅರ್ಧಾ ಹೊಲಿಗಿ ರೊಕ್ಕ ನನಗ, ಅರ್ಧಾ ಆಕೀಗೆ."

ದೀಪ ಹಚ್ಚುವ ಮುಂಚೆ ಅಪ್ಪ ಸಾವಕಾರರ ಮನೆಗೆ ಹೋಗಿ ಊಹೂಂ ಎಂದು ಬಂದ. ಅಕ್ಕ ಪುಸ್ತಕದ ಚೀಲವನ್ನು ಗೂಟದಿಂದ ತೆಗೆದು ತಲೆಯ ಕೆಳಗಿಟ್ಟುಕೊಂಡು ಮಲಗಿದಳು. ಆಕೆ ಮುಲ್ಕಿ ಪಾಸಾದಳು. ಆಕೆ ಹೊಲಿದ ಕುಪ್ಪಸ ಕೆರೂರ ಸಂತೆಯಲ್ಲಿ ಬರೇ ಖಣಕ್ಕಿಂತ ಬೇಗ ಖರ್ಚಾಗುತ್ತಿದ್ದವು.

ನಾಲ್ಕು ಗಂಟು ಬಿಚ್ಚಲು ಮೂರು ವರ್ಷ ಹಿಡಿಯಿತು. ತನ್ನದು ಕೊನೆಗಿರಲಿ ಎಂದಿದ್ದ ಕಾಕು ಐದನೆಯದನ್ನು ತಾನೇ ಹಲ್ಲಿನಿಂದ ಬಿಚ್ಚಿದಳು. ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ಬಾದಾಮಿಗೆ ಹೋದ. ಆಯಿಯ ಬಾಗಿಲಿಗೆ ಬೀಗವಿತ್ತು, ಹಿತ್ತಲು ಸುಮ್ಮನಿತ್ತು. ಅಪ್ಪ ಅದೇ ಜಾಗದಲ್ಲಿ ನಿಂತು "ಮುಗೀತು!" ಎಂದು ಕೂಗಿದ. ಆಚೆ ಒಬ್ಬಾಕೆ ಬಟ್ಟೆ ಒಗೆಯುತ್ತಿದ್ದಳು, ಆಕೆಯ ಒಂದೊಂದು ಏಟೂ ಬಂಡೆಗೆ ಬಡಿದು ತಿರುಗಿ ಬರುತ್ತಿತ್ತು. ಕಾಗೆಯ ಕೂಗು ತಿರುಗಿ ಬಂತು. ಅಪ್ಪನ ಮಾತು ಮಾತ್ರ ಬರಲಿಲ್ಲ. ಬಂಡೆ ಅದನ್ನು ಇಟ್ಟುಕೊಂಡಿತು.

ನಾನು ವ್ಯಾಪಾರಿ. ಈ ಕಥೆಯ ಜೊತೆಗೂ ಚೌಕಾಸಿ ಮಾಡಿ ನೋಡಿದ್ದೇನೆ. ಹಿತ್ತಲಲ್ಲಿ ಇಲಿ ಇದ್ದೀತು, ಗಾಲಿ ಗಾಳಿಗೆ ತಿರುಗಿದ್ದೀತು, ಆಯಿ ಬಂದವರಿಗೆಲ್ಲ ಒಂದು ಗಂಟು ಹೆಚ್ಚು ಹಾಕುತ್ತಿದ್ದಳೇನೋ. ಅಷ್ಟನ್ನೂ ಕಳೆದುಬಿಡುತ್ತೇನೆ. ಆ 'ಲೇ' ಒಂದನ್ನು ಕಳೆಯಲು ಇವತ್ತಿಗೂ ಆಗಿಲ್ಲ.

ಈಗ ನಿಮ್ಮ ಕಾಲ. ನಮ್ಮ ಕಾಲದಲ್ಲಿ ಸಾಲ ಕೊಟ್ಟವರು ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು, ಅವರಿಗೆ ಮುಖವಿತ್ತು, ಚಹಾ ಕೊಡಬೇಕಿತ್ತು. ನಿಮ್ಮ ಸಾಲ ಫೋನಿನೊಳಗಿದೆ, ಜೇಬಿನಲ್ಲೇ ಗುಂಯ್ ಎಂದು ನಡುಗುತ್ತದೆ. ಮೊನ್ನೆ ನನ್ನ ಮೊಮ್ಮಗ ಫೋನಿನಲ್ಲೇ ಬೂಟು ತರಿಸಿದ. ರೊಕ್ಕ ಎಲ್ಲಿಂದ ಬಂತೋ ಎಂದರೆ, "ಅದೇನು ಸಾಲ ಅಲ್ಲ ಅಜ್ಜಾ, ಆಮ್ಯಾಲ ಕೊಡೂದು ಅಷ್ಟ" ಅಂದ. ನನ್ನ ಮೈಮೇಲೆ ಮುಳ್ಳೆದ್ದವು. ಪೆಟ್ಟಿಗೆಯಿಂದ ಆ ದಾರ ತೆಗೆದು ತೋರಿಸಿದೆ. ಗಂಟು ಒಂದೂ ಇಲ್ಲ, ಆದರೆ ಐದು ಕಡೆ ಇನ್ನೂ ಸೊಟ್ಟಗಿದೆ.

ಆದ್ದರಿಂದ ನನ್ನ ಮಾತು ಕೇಳಿ, ಇದಕ್ಕೆ ಜೋಳವನ್ನೂ ಕೇಳುವುದಿಲ್ಲ. ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಮನಸ್ಸಿನಲ್ಲಿ ಲೆಕ್ಕ ಹಾಕಬೇಡಿ, ಮನಸ್ಸು ರಿಯಾಯಿತಿ ಕೊಡುತ್ತದೆ. ಗೆಳೆಯನ ಹತ್ತು ರೂಪಾಯಿಯಿಂದ ಫೋನಿನ 'ಆಮ್ಯಾಲ'ದವರೆಗೆ ಒಂದೊಂದನ್ನೇ ಬಾಯಿಬಿಟ್ಟು, ದನಿಯೆತ್ತಿ ಹೇಳಿ. ಬಾದಾಮಿಗೇ ಹೋಗಬೇಕೆಂದಿಲ್ಲ, ಮನೆಯ ಖಾಲಿ ಕೋಣೆ ಸಾಕು. ಕೊನೆಗೆ 'ಇಷ್ಟ' ಎಂದು ಹೇಳಿ, ತಕ್ಷಣ ಹೊರಗೆ ಬರಬೇಡಿ. ಸ್ವಲ್ಪ ಹೊತ್ತು ಅಲ್ಲೇ ನಿಂತು ಕಿವಿಗೊಡಿ. ಇನ್ನೊಂದು ಕೇಳಿಸಿದರೆ ಅಂಜಬೇಡಿ. ಅದು ಯಾರ ಸ್ವರವೆಂದು ನಿಮಗೆ ಗೊತ್ತಿರುತ್ತದೆ. ಚಪ್ಪಲಿ ಮೆಟ್ಟಿಕೊಂಡು ಮೊದಲು ಅವರ ಮನೆಗೆ ಹೋಗಿ.