ಅಕ್ಕಿಆಲೂರಿಗೆ ಕೊಟ್ಟ ಮಗಳು

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಶಿಗ್ಗಾವಿಯ ಒಂದು ಸಣ್ಣ ಕಚೇರಿಯಲ್ಲಿ ಹೆಳವರ ಹೊತ್ತಿಗೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದೆ. ಮನೆ ಮನೆಗೆ ಬಂದು ಆಯಾ ಮನೆತನದ ವಂಶಾವಳಿ ಓದಿ ಹೇಳುವವರು ನಮ್ಮ ಕಡೆಯ ಹೆಳವರು. ಮೂಲಪುರುಷ, ಅವನ ಮಕ್ಕಳು, ಮೊಮ್ಮಕ್ಕಳು ಎಂದು ಕೊಂಬೆಗೆ ಕೊಂಬೆ ಕೂಡಿ ನಮ್ಮ ಫೈಲು ವಿಪರೀತ ಬೆಳೆದಿತ್ತು. ಒಂದು ಹೆಸರು ಹುಡುಕು ಎಂದರೆ ಕಂಪ್ಯೂಟರು ಪ್ರತಿ ಸಲ ಮೂಲಪುರುಷನಿಂದಲೇ ಶುರುಮಾಡಿ, ಒಂದೊಂದು ಕೊಂಬೆಯ ತುದಿ ಮುಟ್ಟಿ ಹಿಂದೆ ಬರುತ್ತಿತ್ತು. ನಾನು ಊಟ ಮುಗಿಸಿ ಬಂದರೂ ಆ ಮಹರಾಯನ ಯಾತ್ರೆ ಮುಗಿದಿರುತ್ತಿರಲಿಲ್ಲ.

ನನಗೊಂದು ಸ್ವಂತದ ಆಸೆಯೂ ಇತ್ತು. ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ನಾನು ಮೊಲೆಹಾಲು ಬಿಡುವ ಮೊದಲೇ ಅವ್ವ ತೀರಿಕೊಂಡಳು. ಆಮೇಲೆ ನಮ್ಮ ಮನೆಗೂ ಅವಳ ತವರಿಗೂ ಮಾತು ಬೆಳೆದು ಹೋಗಿಬರುವುದು ನಿಂತಿತು. ಅವಳ ತವರಿನ ಸುದ್ದಿ ತೆಗೆದರೆ ಅಪ್ಪ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಏನೂ ಹೇಳದೆಯೇ ಅವನೂ ತೀರಿಕೊಂಡ. ಅವಳ ಹೆಸರು ಗಿರಿಜಾ, ಸವಣೂರು ಕಡೆಯವಳು, ಇಷ್ಟೇ ನನಗೆ ಗೊತ್ತಿದ್ದದ್ದು. ಆ ಹೆಸರನ್ನು ಎರಡು ಮೂರು ಸಲ ಹುಡುಕಿದೆ, ಸಿಗಲಿಲ್ಲ. ಕಚೇರಿಯ ಕೆಲಸ ತಡೆದು ನನ್ನದನ್ನು ಹುಡುಕುವುದು ಸರಿಯಲ್ಲ, ಬಿಡುವಾದಾಗ ನೋಡೋಣ ಎಂದು ಒಂದು ವರ್ಷ ತಳ್ಳಿದೆ.

ಒಂದು ದಿನ ಹೊತ್ತಿಗೆ ತಂದಿದ್ದ ಹೆಳವರ ಅಜ್ಜ ನನ್ನ ಪಕ್ಕ ಕುಳಿತು ಪರದೆ ನೋಡುತ್ತಿದ್ದರು.

"ಇಷ್ಟೊತ್ತು ಯಾರನ್ನ ಹುಡುಕಾಕತ್ತೈತಿ ಇದು?"

"ಮೊದಲಿನಿಂದ ಎಲ್ಲಾರ್ನೂ ನೋಡ್ಕೋತ ಬರ್ತೈತ್ರಿ ಅಜ್ಜಾ."

ಅವರು ನಕ್ಕರು. "ಹಂಗ ಓದಿದ್ರ ನಾ ಒಂದ ಮನಿ ಕಟ್ಟಿ ಮ್ಯಾಲ ಕುಂತು ಮುದುಕ ಆಗ್ತಿದ್ದೆ. ನಾವು ಮೊದಲ ಊರು ಕೇಳ್ತೇವಿ, ಆಮ್ಯಾಲ ಬೆಡಗು. ಸೀದಾ ಅದೇ ಹಾಳಿ ತಗೀತೇವಿ. ಉಳಿದವರ ಗೊಡವಿ ಯಾಕ ಬೇಕು?"

ಬೆಡಗೆಂದರೆ ಮನೆತನದ ಮೂಲ ಗುರುತು. ಅಜ್ಜನ ಮಾತು ತಲೆಗೆ ಹೊಕ್ಕಿತು. ಹದಿನೈದು ದಿನ ಕುಳಿತು ಊರು, ಬೆಡಗುಗಳದ್ದೇ ಬೇರೆ ಪಟ್ಟಿ ಮಾಡಿದೆ. ಯಾವ ಕೊಂಬೆ ಫೈಲಿನಲ್ಲಿ ಎಲ್ಲಿದೆ ಎಂಬ ಗುರುತು ಅದರಲ್ಲಿ ಹಾಕಿದೆ. ಹೆಣ್ಣುಮಕ್ಕಳನ್ನು ಕೊಟ್ಟ ಊರು, ಕೊಟ್ಟ ಬೆಡಗನ್ನೂ ಸೇರಿಸಿದೆ. ಕಂಪ್ಯೂಟರು ಬೇಡದ ಕೊಂಬೆಗಳನ್ನು ಬಿಟ್ಟು ನೇರ ಜಾಗಕ್ಕೆ ಹೋಗತೊಡಗಿತು. ಕೀಲಿ ಒತ್ತಿ ಕೈ ತೆಗೆಯುವುದರೊಳಗೆ ಉತ್ತರ ಬರುತ್ತಿತ್ತು.

ಇನ್ನೊಂದು ಹೊತ್ತಿಗೆ ತಂದಿದ್ದ ಅಜ್ಜನಿಗೆ ಅವ್ವನ ವಿಷಯ ಹೇಳಿ, ಅವರ ಮುಂದೆಯೇ ಮತ್ತೆ ಗಿರಿಜಾ ಎಂದು ಹುಡುಕಿದೆ. ಇಲ್ಲ.

"ಅದು ಅತ್ತಿಮನಿ ಹೆಸರೋ, ತವರಮನಿ ಹೆಸರೋ?" ಎಂದರು ಅಜ್ಜ.

ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವುದು ನಮ್ಮಲ್ಲಿ ರೂಢಿ. ಎಷ್ಟೋ ಸೊಸೆಯಂದಿರ ಎರಡೆರಡು ಹೆಸರು ಟೈಪು ಮಾಡಿದ ನನಗೆ ನನ್ನ ಅವ್ವನ ವಿಷಯದಲ್ಲಿ ಮಾತ್ರ ಅದು ಹೊಳೆದಿರಲಿಲ್ಲ. ಹೆಸರು ಬಿಟ್ಟು, ಸವಣೂರು ಕಡೆಯಿಂದ ಅಕ್ಕಿಆಲೂರಿಗೆ ಕೊಟ್ಟ ಹೆಣ್ಣುಮಕ್ಕಳನ್ನು ತೆಗೆದೆ. ನಾಲ್ವರು ಬಂದರು. ಅವರಲ್ಲಿ ನಮ್ಮ ಬೆಡಗಿಗೆ ಕೊಟ್ಟ ಹೆಣ್ಣು ಒಬ್ಬಳೇ: ಯಲವಿಗಿಯ ನೀಲವ್ವ.

ಮರುದಿನವೇ ಯಲವಿಗಿಗೆ ಹೋದೆ. ಬಾಗಿಲು ತೆರೆದವರು ಅವ್ವನ ಅಣ್ಣನ ಹೆಂಡತಿ. ನಾನು ಹೇಳಿದ್ದನ್ನೆಲ್ಲ ಕೇಳಿ, "ನಮ್ಮ ನೀಲಿ ಮಗಳೇನವ್ವ ನೀ?" ಎಂದರು. ಅವ್ವನನ್ನು ಅಷ್ಟು ಸಲಿಗೆಯಿಂದ ಕರೆದವರನ್ನು ಅದುವರೆಗೆ ನಾನು ಕಂಡಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ರೊಟ್ಟಿ ಹಾಕುತ್ತ ಅತ್ತೆ ಹೇಳಿದರು: "ನಿಮ್ಮ ಅಜ್ಜಿ ಹೋದ ಶ್ರಾವಣದಾಗ ತೀರಿದ್ಲು. ಹೆಳವರು ಬಂದಾಗೊಮ್ಮೆ ಕೇಳ್ತಿದ್ಲು, ಅಕ್ಕಿಆಲೂರ ಕೂಸು ಹೆಂಗೈತ್ರಿ ಅಂತ."

ಆ ಶ್ರಾವಣದಲ್ಲಿ ನಾನು ಶಿಗ್ಗಾವಿಯಲ್ಲಿ ಅದೇ ಫೈಲಿನ ಮುಂದೆ ಕುಳಿತಿದ್ದೆ.

ಹೊರಡುವಾಗ ಅತ್ತೆ ಎರಡು ಸಲ ಉಡಿ ತುಂಬಿದರು. "ಒಂದು ನಿಂದು, ಒಂದು ನಿಮ್ಮವ್ವಂದು" ಎಂದರು.

ಅಜ್ಜಿಯನ್ನು ಒಂದೇ ಒಂದು ಸಲ ನೋಡಬೇಕಿತ್ತು ಎಂಬ ಹಂಬಲ ಇಂದಿಗೂ ಹೋಗಿಲ್ಲ. ಈಗಲೂ ಅದೇ ಕಚೇರಿಯಲ್ಲಿದ್ದೇನೆ; ಯಾರಾದರೂ ತಮ್ಮವರನ್ನು ಹುಡುಕಿಕೊಂಡು ಬಂದರೆ, ಎಷ್ಟೇ ಕೆಲಸವಿದ್ದರೂ, "ನಾಳೆ ಬರ್ರಿ" ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.