ಆಕೆಯ ಹೆಸರಿನ ವಾರಂಟಿ

"ವಾರಂಟಿ ಕಾರ್ಡಿನ್ಯಾಗ ಈಕಿ ಹೆಸರು ಬರೀರಿ," ಎಂದರು ನಮ್ಮ ಪಕ್ಕದಲ್ಲಿ ಟಿವಿ ಕೊಳ್ಳುತ್ತಿದ್ದ ಗೊರೇಬಾಳದ ಹಿರಿಯರು.

ತೊಂಬತ್ತರ ದಶಕದ ಮಾತಿದು. ಸಿಂಧನೂರಿನ ಆ ಅಂಗಡಿಯಲ್ಲಿ ನಾನೂ ನನ್ನ ಗಂಡನೂ ಫ್ರಿಜ್ಜಿಗೆ ಹೆಚ್ಚುವರಿ ವಾರಂಟಿ ಬೇಕೋ ಬೇಡವೋ ಎಂದು ಚರ್ಚಿಸುತ್ತಿದ್ದೆವು. ಆ ಹಿರಿಯರು ಮಾತ್ರ ಚೌಕಾಸಿಯಿಲ್ಲದೆ ಮೂರು ವರ್ಷದ ವಾರಂಟಿಗೆ ಒಪ್ಪಿಬಿಟ್ಟಿದ್ದರು. ಅವರ ಕಂಕುಳಲ್ಲಿ ರಾಯಚೂರಿನ ಆಸ್ಪತ್ರೆಯೊಂದರ ಎಕ್ಸ್‌ರೇ ಕವರ್ ಇತ್ತು.

"ನನ್ನ ಹೆಸರ್ಯಾಕ್ರಿ? ಕೆಟ್ರ ನೀವ ಬಂದು ಹೇಳ್ತೀರಲ್ಲ," ಎಂದರು ಅವರ ಹೆಂಡತಿ.

ಹಿರಿಯರು ಎಕ್ಸ್‌ರೇ ಕವರನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡರು. "ನಾ ಇದ್ರೂ ನೀನ ಬಂದು ಹೇಳು. ರೂಢಿ ಆಗ್ಲಿ."

ಆಕೆ ಗಂಡನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಅಂಗಡಿಯವರ ಕಡೆ ತಿರುಗಿ ಮೆಲ್ಲಗೆ ತಮ್ಮ ಪೂರ್ತಿ ಹೆಸರು ಹೇಳಿದರು. ರಿಪೇರಿಯವರು ಎಲ್ಲಿ ಸಿಗುತ್ತಾರೆಂದೂ ಕೇಳಿಕೊಂಡರು.

ನಾವು ಹೆಚ್ಚುವರಿ ವಾರಂಟಿ ಕೊಳ್ಳಲಿಲ್ಲ. ಕಂಪನಿ ಕೊಟ್ಟ ಒಂದು ವರ್ಷವೇ ಸಾಕೆನಿಸಿತು. ಆದರೆ ಮನೆಗೆ ಬಂದ ಮೇಲೆ ಗಂಡನನ್ನು ಮೀಟರ್ ಬೋರ್ಡಿನ ಬಳಿ ಕರೆದೊಯ್ದು, ಫ್ಯೂಸ್ ಹಾಕುವುದನ್ನು ಕಲಿಸಿಕೊಡಿ ಎಂದೆ. "ಈಗ್ಯಾಕ?" ಎಂದರು. "ನನಗೂ ರೂಢಿ ಆಗ್ಲಿ," ಎಂದೆ. ಅವರು, ನಾನು ಹತ್ತಿ ನಿಲ್ಲಲೆಂದು ಸ್ಟೂಲು ತಂದಿಟ್ಟರು.